ನೆವೆನಾಳ ಪಾಳುಮನೆ

ನನ್ನ ಅಕ್ಕ ನೆವೆನಾ ಸತ್ತಿದ್ದಾಳೆ, ಇಲ್ಲವೇ ಊರು ಬಿಟ್ಟು ಓಡಿಹೋಗಿದ್ದಾಳೆ ಎಂದು ದೇಶದೇಶಗಳ ಜನ ಮರುಗುತ್ತಿದ್ದ ಆ ಶರತ್ಕಾಲದಲ್ಲಿ, ಅವಳು ಪ್ಲೊವ್ದಿವ್ ನಗರದಲ್ಲಿ ನಾದಿನಿಯ ಮನೆಯ ಹಿತ್ತಲಲ್ಲಿ ಕೂತು ಕೆಂಪು ಮೆಣಸಿನಕಾಯಿ ಸುಡುತ್ತಿದ್ದಳು.

ಹೋಗಿದ್ದು ನಾದಿನಿಯ ಮಗಳ ಮದುವೆಗೆ. ನಾಲ್ಕು ದಿನ ಇದ್ದು ಬರುತ್ತೇವೆ ಎಂದು ಹೊರಟವರು. ಆದರೆ ನನ್ನ ಭಾವ ಗ್ರುಡಿ ಮದುವೆಯ ಸಂಜೆ ರಕಿಯಾ ಸಾರಾಯಿ ಏರಿಸಿಕೊಂಡು, ಕೈಕೈ ಹಿಡಿದು ಕುಣಿಯುವ ಸಾಲಿನ ಮುಂದಾಳಾಗಿ, ಹರೆಯದ ಹುಡುಗರಿಗೆ ಕುಣಿತ ಎಂದರೇನು ಎಂದು ತೋರಿಸಲು ಹೋಗಿ ಮೆಟ್ಟಿಲಿಂದ ಕೆಳಗೆ ಬಿದ್ದ. ಕಾಲು ಮುರಿಯಿತು. ಆಸ್ಪತ್ರೆಯಿಂದ ಅಕ್ಕ ನನಗೆ ಫೋನ್ ಮಾಡಿದಾಗ ಅವಳ ಮೊದಲ ಮಾತು ಇದು: "ಮದುವೆಯಾದಾಗಿಂದ ಪ್ಲಾಸ್ಟರ್ ಹಾಕ್ಸು ಪ್ಲಾಸ್ಟರ್ ಹಾಕ್ಸು ಅಂತ ಬಾಯಿ ಬಡ್ಕೊಂಡೆ ನೋಡು. ಕೊನೆಗೂ ಹಾಕ್ಸಿದ. ಗೋಡೆಗಲ್ಲ, ಕಾಲಿಗೆ."

ಅವಳ ಸಿಟ್ಟಿಗೆ ಅರ್ಥವಿತ್ತು. ಅವರ ಮನೆ ಇರುವುದು ನಮ್ಮ ಯೆಲೊವೊ ಊರಿನ ಕಟ್ಟಕಡೆಯಲ್ಲಿ, ಬಂಡೆಯ ತುದಿಯಲ್ಲಿ. ಕೆಳಗೆ ಆರ್ದಾ ನದಿ ಹಾವಿನ ಹಾಗೆ ಸುತ್ತಿಕೊಂಡು ಹರಿಯುತ್ತದೆ. ಬೆಳಗ್ಗೆ ಕಣಿವೆ ತುಂಬ ಮಂಜು ನಿಂತರೆ ಮನೆ ಮೋಡದ ಮೇಲೆ ಕೂತ ಹಾಗೆ ಕಾಣುತ್ತದೆ. ಮದುವೆಯಾದ ವರ್ಷವೇ ಭಾವ ಹಳೇ ಗಾರೆಯನ್ನೆಲ್ಲ ಕೆತ್ತಿ ಕೆಡವಿದ್ದ, ಹೊಸದು ಹಾಕುತ್ತೇನೆಂದು. ಕೆಡವುವ ಉತ್ಸಾಹ ಹಾಕುವಾಗ ಇರಲಿಲ್ಲ. ಅಂದಿನಿಂದ ಕಲ್ಲುಗಳು ಹಲ್ಲು ಕಿರಿದುಕೊಂಡೇ ನಿಂತಿದ್ದವು. ಒಂದು ಕಿಟಕಿಗೆ ಗಾಜಿನ ಬದಲು ಪ್ಲಾಸ್ಟಿಕ್ ಹಾಳೆ. ಬಾಗಿಲಿಗೆ ಬೀಗವಿಲ್ಲ, ತಂತಿ ಸುತ್ತಿ ಹೋಗುತ್ತಿದ್ದರು. ಭಾವ ಜೇನು ಸಾಕುವವನು. ದುಡಿಯುವುದೆಲ್ಲ ಹುಳುಗಳೇ ಆದ್ದರಿಂದ ಅವನಿಗೆ ಕೆಲಸದ ಅಭ್ಯಾಸ ತಪ್ಪಿಹೋಗಿತ್ತು.

ಅವರು ಇಲ್ಲದಾಗ ಕೋಳಿಗಳಿಗೆ ಕಾಳು ಹಾಕುವ ಜವಾಬ್ದಾರಿ ನನ್ನದು. ನಾನು ಊರಿಗೂ ಪೇಟೆಗೂ ನಡುವೆ ಮಿನಿಬಸ್ ಓಡಿಸುತ್ತೇನೆ. ಬೆಳಗ್ಗೆ ಹೊರಡುವ ಮುಂಚೆ ಅಂಗಳದಲ್ಲಿ ಕಾಳು ಚೆಲ್ಲಿ ಹೋಗುತ್ತಿದ್ದೆ. ಮನೆಯೊಳಗೆ ಹೋಗಲು ನನಗೇನು ಕೆಲಸ?

ಒಂದು ದಿನ ಪೇಟೆಯಲ್ಲಿ ಚೆಕ್ ದೇಶದ ಇಬ್ಬರು ಗಂಡ ಹೆಂಡತಿ ಬಸ್ ಹತ್ತಿದರು. ಗಂಡ ತನ್ನ ಫೋನ್ ನನ್ನ ಮೂಗಿನ ಮುಂದೆ ಹಿಡಿದು, "ಇಲ್ಲಿ, ಇಲ್ಲಿ" ಎಂದ. ನೋಡುತ್ತೇನೆ, ಅಕ್ಕನ ಮನೆ! ಸುತ್ತ ಹಾಲಿನಂಥ ಮಂಜು, ನಡುವೆ ಮನೆ, ಅಂಗಳದಲ್ಲಿ ನಮ್ಮ ಕೋಳಿಗಳು. ಚಂದವೇನೋ ಇತ್ತು, ಸುಳ್ಳು ಹೇಳಬಾರದು. ದಿನಾ ನೋಡುವ ಮನೆ ಅಷ್ಟು ಚಂದ ಎಂದು ನನಗೆ ಗೊತ್ತೇ ಇರಲಿಲ್ಲ. ಅವನು ಬೆರಳಾಡಿಸಿದ ಹಾಗೆ ಮುಂದಿನ ಚಿತ್ರಗಳು ಬಂದವು. ಅಕ್ಕನ ಅಡುಗೆಮನೆ. ಮೇಜಿನ ಮೇಲೆ ಬೂಸ್ಟು ಹಿಡಿದ ರೊಟ್ಟಿ, ಅರ್ಧ ಕುಡಿದ ಕಾಫಿ ಲೋಟ, ತೊಟ್ಟಿ ತುಂಬ ತೊಳೆಯದ ಪಾತ್ರೆ. ಬಾಗಿಲ ಬಳಿ ಬೋರಲು ಬಿದ್ದ ಒಂಟಿ ಚಪ್ಪಲಿ. ಕೊನೆಗೆ ನದಿಯ ಕಡೆಯ ಚಿಕ್ಕ ಕೋಣೆ, ಕಿಟಕಿಯಲ್ಲಿ ಒಂದು ಕಣ್ಣಿಲ್ಲದ ಬಟ್ಟೆಯ ಗೊಂಬೆ.

ಚಿತ್ರಗಳಿಗೆ 'ಅವರು ಹೊರಟುಹೋದ ಬೆಳಗ್ಗೆ' ಎಂದು ಹೆಸರು. ತೆಗೆದವನು ಸೋಫಿಯಾ ನಗರದ ಕಾಮೆನ್ ಎಂಬ ಛಾಯಾಗ್ರಾಹಕ. ಪ್ರಪಂಚದಲ್ಲಿ ಜನ ಬಿಟ್ಟುಹೋದ ಜಾಗಗಳನ್ನು ಹುಡುಕಿ ಹುಡುಕಿ ಚಿತ್ರ ತೆಗೆಯುವುದೇ ಅವನ ಕಸುಬಂತೆ. ಕೆಳಗೆ ಸಾವಿರಾರು ಜನ ಬರೆದಿದ್ದರು. ಯಾರಿವರು? ಊಟದ ನಡುವೆಯೇ ಎದ್ದು ಹೋದರೇ? ಆ ಮಗುವಿಗೆ ಏನಾಯಿತು?

"ಮದುವೆಗೆ ಹೋಗಿದ್ದಾರೆ," ಎಂದೆ ನಾನು ಚೆಕ್ ದೇಶದವನಿಗೆ. ಅವನಿಗೆ ನಮ್ಮ ಭಾಷೆ ಬರದು. ಎದೆ ಮುಟ್ಟಿಕೊಂಡು ದುಃಖದಿಂದ ತಲೆ ಬಾಗಿಸಿದ.

ಮಧ್ಯಾಹ್ನ ಅಕ್ಕನಿಗೆ ಫೋನ್ ಮಾಡಿ ಎಲ್ಲ ಹೇಳಿದೆ.

"ಪಾತ್ರೆ ಕಾಣ್ತಿದ್ಯಾ?" ಎಂದಳು.

"ಕಾಣ್ತಿದೆ ಅಕ್ಕ."

"ಎಷ್ಟು?"

"ಎಲ್ಲ."

"ಅಯ್ಯೋ ದೇವರೇ! ಬಸ್ಸು ತಪ್ಪೋಗತ್ತೆ ಅಂತ ಬಿಟ್ಟು ಬಂದೆ ಕಣೋ. ಒಂದೇ ಒಂದ್ಸಲ! ಜನ್ಮದಲ್ಲಿ ಒಂದ್ಸಲ ಬಿಟ್ಟು ಬಂದ್ರೆ ಅದನ್ನೇ ಊರಿಗೆಲ್ಲ ತೋರಿಸ್ಬೇಕಾ? ದಿನಾ ಕೋಳಿಗೆ ಕಾಳು ಹಾಕೋಕೆ ಹೋಗ್ತಿದ್ಯಲ್ಲ, ಒಳಗೆ ಹೋಗಿ ನಾಲ್ಕು ಪಾತ್ರೆ ತೊಳ್ದಿಡೋಕೆ ನಿನ್ ಕೈಗೇನಾಗಿತ್ತು?"

"ಗೊಂಬೆ ಯಾವುದಕ್ಕ ಅದು, ಚಿಕ್ಕ ಕೋಣೇಲಿ?"

"ಯಾವ ಗೊಂಬೆ?" ಎಂದಳು ಅಕ್ಕ. ದನಿ ಬೇರೆಯಾಗಿತ್ತು. "ನಮ್ಮನೇಲಿ ಎಲ್ಲಿಂದ ಬರ್ಬೇಕೋ ಗೊಂಬೆ?"

ನಾನೂ ಕೇಳಬಾರದಿತ್ತು. ಅಕ್ಕ ಭಾವನಿಗೆ ಮಕ್ಕಳಾಗಲಿಲ್ಲ. ವರ್ಷಗಟ್ಟಲೆ ಸೋಫಿಯಾದ ಆಸ್ಪತ್ರೆಗಳಿಗೆ ಅಲೆದು, ಒಂದು ದಿನ ಇಬ್ಬರೂ ಅಲೆಯುವುದನ್ನು ಬಿಟ್ಟರು. ಬಿಸಿಲು ಚೆನ್ನಾಗಿ ಬೀಳುತ್ತದೆ ಎಂದು ಖಾಲಿ ಇಟ್ಟಿದ್ದ ಆ ಕೋಣೆಗೆ ಭಾವ ಜೇನಿನ ಜಾಡಿಗಳನ್ನು ತಂದು ತುಂಬಿದ. ಅದರ ಬಗ್ಗೆ ಯಾರೂ ಮಾತಾಡಲಿಲ್ಲ.

ಚಳಿಗಾಲ ಶುರುವಾಗುವ ಹೊತ್ತಿಗೆ ಅವರು ಊರಿಗೆ ಬಂದರು. ಅಷ್ಟರಲ್ಲಿ ನನ್ನ ಬಸ್ಸು ತುಂಬಿ ಓಡುತ್ತಿತ್ತು. ಭಾವ ಕೋಲು ಊರಿಕೊಂಡು ಇಳಿದು ನೋಡಿದರೆ ಗೇಟಿನ ಬಳಿ ಮೇಣದ ಬತ್ತಿಗಳು, ಬಟ್ಟೆಯ ಕರಡಿಗಳು, ಒದ್ದೆಯಾದ ಹೂಗುಚ್ಛಗಳು. ಇಲ್ಲದ ಮಗುವಿಗೆ ಶ್ರದ್ಧಾಂಜಲಿ. ಅಕ್ಕ ಬುಟ್ಟಿ ತಂದು ಎಲ್ಲವನ್ನೂ ತುಂಬಿದಳು. ಆಮೇಲೆ ಒಳಗೆ ಹೋಗಿ ಮೊದಲು ಪಾತ್ರೆ ತೊಳೆದಳು. ಕೋಟೂ ಬಿಚ್ಚಿರಲಿಲ್ಲ.

ನಮಗೆಲ್ಲ ಅನ್ನಿಸಿದ್ದು, ಮನೆಯವರು ಬಂದ ಮೇಲೆ ಇದು ನಿಲ್ಲುತ್ತದೆ ಎಂದು. ನಿಲ್ಲಲಿಲ್ಲ. ಬರುವವರಿಗೆ ಮನೆಯವರೇ ಅಡ್ಡಿಯಾದರು. ಇಟಲಿಯ ಹುಡುಗಿಯೊಬ್ಬಳು ಅಕ್ಕನನ್ನು ಕಂಡು, "ನೀವು ಇಲ್ಲಿ ಗುಡಿಸೋಕೆ ಬರ್ತೀರಾ? ದಯವಿಟ್ಟು ಜೇಡರಬಲೆ ಮಾತ್ರ ತೆಗೀಬೇಡಿ," ಎಂದಳಂತೆ. ಒಬ್ಬ ಬಂದು ಒಣಗಿಹಾಕಿದ ಬಟ್ಟೆ ತೆಗೆಯಲು ಹೇಳಿದ, ಚಿತ್ರ ಕೆಡುತ್ತದಂತೆ. ಒಂದು ಬೆಳಗ್ಗೆ ಭಾವ ಕಣ್ಣು ಬಿಟ್ಟರೆ ಮಂಚದ ಬುಡದಲ್ಲಿ ಕ್ಯಾಮೆರಾ ಹಿಡಿದ ಮುದುಕ. ಭಾವ ಚೀರಿದ, ಮುದುಕ ಅದಕ್ಕಿಂತ ಜೋರಾಗಿ ಚೀರಿದ.

ಆದರೂ ನಿಜ ಹೇಳಬೇಕೆಂದರೆ ಭಾವನಿಗೆ ಇದೆಲ್ಲ ಒಳಗೊಳಗೇ ಹಿತವಾಗಿತ್ತು. ಜನ ಅವನ ಗೋಡೆಯನ್ನು ಸವರಿ ಸವರಿ ನೋಡುತ್ತಿದ್ದರು. ಅವನು ಅಂಗಳದಲ್ಲಿ ಕಾಲು ಚಾಚಿ ಕೂತು ಜೇನು ಮಾರುತ್ತಿದ್ದ.

"ನೋಡು ನೆವೆನಾ," ಎನ್ನುತ್ತಿದ್ದ. "ನಿನ್ನ ಮಾತು ಕೇಳಿ ಅವತ್ತೇ ಗಾರೆ ಹಾಕಿದ್ರೆ ಈ ಕಡೆ ನಾಯಿನೂ ತಲೆ ಹಾಕ್ತಿರ್ಲಿಲ್ಲ. ಇದಕ್ಕೆಲ್ಲ ದೂರದೃಷ್ಟಿ ಬೇಕು."

"ದೂರದೃಷ್ಟಿ!" ಅಕ್ಕ ಹೊಲಿಗೆ ಮಿಷನ್ನಿನ ಮುಂದಿನಿಂದ ತಲೆಯೆತ್ತದೆ ಹೇಳುತ್ತಿದ್ದಳು. "ಸೋಮಾರಿತನಕ್ಕೆ ಬಹುಮಾನ ಕೊಟ್ಟಿದ್ದು ನಾನು ಇದೇ ಮೊದಲು ನೋಡ್ತಿರೋದು."

ಬಹುಮಾನ ನಿಜವಾಗಿಯೂ ಬಂತು, ಆದರೆ ಕಾಮೆನ್‌ಗೆ. ವಸಂತದಲ್ಲಿ ಅವನ ಚಿತ್ರಕ್ಕೆ ಯಾವುದೋ ದೊಡ್ಡ ಸ್ಪರ್ಧೆಯಲ್ಲಿ ಮೊದಲ ಸ್ಥಾನ ಸಿಕ್ಕಿತು. ಆ ಸುದ್ದಿ ಟಿವಿಯಲ್ಲಿ ಬಂದ ಮರುದಿನವೇ ನಮ್ಮ ಮೇಯರ್ ಪಾಂಡೆಲಿ ಟೈ ಕಟ್ಟಿಕೊಂಡು ಅಕ್ಕನ ಮನೆಗೆ ಬಂದ. ರಸ್ತೆಯ ತಿರುವಿನಲ್ಲಿ 'ಪಾಳುಮನೆ' ಎಂದು ಬಾಣದ ಗುರುತಿನ ಫಲಕ ಆಗಲೇ ನೆಡಿಸಿದ್ದ. ಕೆಳಗಿನ ಬಯಲಿನಲ್ಲಿ ಪ್ರವಾಸಿಗರಿಗಾಗಿ ಒಂದು ಕಟ್ಟಡ ಕಟ್ಟಿಸುವುದಾಗಿಯೂ ಹೇಳಿದ. ಕಾಫಿ, ಶೌಚಾಲಯ, ಚಿತ್ರದ ಪೋಸ್ಟ್‌ಕಾರ್ಡ್ ಮಾರುವ ಅಂಗಡಿ, ಎಲ್ಲ.

"ಬಹಳ ಒಳ್ಳೇದು," ಎಂದಳು ಅಕ್ಕ. "ನನ್ನಿಂದ ಏನಾಗ್ಬೇಕು?"

ಪಾಂಡೆಲಿ ಟೋಪಿ ತಿರುಗಿಸುತ್ತ ಕೂತ. "ಏನೂ ಇಲ್ಲ ನೆವೆನಾ. ಸಣ್ಣದು. ಹಗಲು ಹೊತ್ತು ಒಲೆ ಹಚ್ಚಬೇಡ. ಹೊಗೆ ಕಾಣತ್ತೆ."

"ಮತ್ತೆ ಊಟ?"

"ಕತ್ತಲಾದ ಮೇಲೆ ಮಾಡ್ಕೊ. ಆಮೇಲೆ, ಹಗಲು ಹೊತ್ತಲ್ಲಿ ನೀನು ಸ್ವಲ್ಪ… ಕಿಟಕಿ ಹತ್ರ ಬರ್ದೇ ಇದ್ರೆ…"

"ಪಾಂಡೆಲಿ, ನಾನು ಸತ್ರೆ ಇನ್ನೂ ಅನುಕೂಲ ಆಗತ್ತಾ?"

"ಛೆ ಛೆ, ಅಷ್ಟೆಲ್ಲ ಬೇಡ," ಎಂದ ಮೇಯರ್, ಆ ಸಲಹೆಯನ್ನು ಕ್ಷಣಕಾಲ ತೂಗಿ ನೋಡಿದವನ ಹಾಗೆ.

ಆ ವಾರವೇ ಪ್ಲೊವ್ದಿವ್‌ನಲ್ಲಿ ಕಾಮೆನ್‌ನ ಚಿತ್ರಗಳ ಪ್ರದರ್ಶನ ಎಂದು ಗೊತ್ತಾಯಿತು. ಅಕ್ಕ ಆ ಮದುವೆಗೆಂದು ಹೊಲಿದುಕೊಂಡಿದ್ದ ನೀಲಿ ಉಡುಪು ತೆಗೆದು ಇಸ್ತ್ರಿ ಮಾಡಿದಳು. ಭಾವನಿಗೆ, "ಎದ್ದೇಳು, ಗಡ್ಡ ಹೆರ್ಕೊ," ಎಂದಳು. ನನಗೆ, "ಬಸ್ಸು ತೆಗಿ," ಎಂದಳು. ಮೂವರೂ ಹೊರಟೆವು.

ಪ್ರದರ್ಶನ ಇದ್ದದ್ದು ಹಳೇ ಪೇಟೆಯ ದೊಡ್ಡ ಮನೆಯೊಂದರಲ್ಲಿ. ಬಿಳಿ ಗೋಡೆಗಳ ಮೇಲೆ ಪ್ರಪಂಚದ ಪಾಳುಗಳೆಲ್ಲ ಸಾಲಾಗಿ ತೂಗುತ್ತಿದ್ದವು: ಮರಳಲ್ಲಿ ಹೂತುಹೋದ ಹಡಗು, ಉಪ್ಪಿನ ಬಯಲಿನ ನಡುವೆ ನಿಂತ ರೈಲು, ಮರ ಬೆಳೆದ ನಾಟಕಮಂದಿರ. ಅವುಗಳ ನಡುವೆ ಗೋಡೆಯಗಲದ ಅಕ್ಕನ ಅಡುಗೆಮನೆ. ಅದರ ಮುಂದೆ ಕೈಯಲ್ಲಿ ವೈನಿನ ಲೋಟ ಹಿಡಿದ ಜನ. ಕಪ್ಪು ಅಂಗಿಯ ತೆಳ್ಳಗಿನ ಯುವಕನೊಬ್ಬ ಮೆಲ್ಲಗೆ ಮಾತಾಡುತ್ತಿದ್ದ.

"ನಾನು ಬಾಗಿಲು ತೆರೆದಾಗ ನನ್ನನ್ನು ತಟ್ಟಿದ್ದು ಆ ಮೌನ. ಎಲ್ಲವನ್ನೂ ಕಳೆದುಕೊಂಡವರ ಮನೆಯಲ್ಲಿ ಮಾತ್ರ ಅಂಥ ಮೌನ ಇರುತ್ತದೆ."

"ಮದುವೆಗೆ ಹೋದವರ ಮನೇಲೂ ಇರತ್ತೆ," ಎಂದಳು ಅಕ್ಕ.

ಎಲ್ಲರೂ ತಿರುಗಿದರು. ಅಕ್ಕ ಮುಂದೆ ಹೋಗಿ ಚಿತ್ರದ ಪಕ್ಕ ನಿಂತಳು. "ಇದು ನನ್ನ ಅಡುಗೆಮನೆ. ಇದು ನನ್ನ ಚಪ್ಪಲಿ. ಇನ್ನೊಂದು ಮಂಚದ ಕೆಳಗಿತ್ತು, ಇವನಿಗೆ ಸಿಕ್ಕಿಲ್ಲ. ಈ ಪಾತ್ರೆ ಅವತ್ತೊಂದಿನ ಮಾತ್ರ ಬಿಟ್ಟು ಹೋಗಿದ್ದೆ, ನನ್ನ ತಮ್ಮನ್ನ ಬೇಕಾದ್ರೆ ಕೇಳಿ. ಇವನು ನನ್ನ ಗಂಡ. ಇಷ್ಟು ವರ್ಷದಿಂದ ಗೋಡೆಗೆ ಗಾರೆ ಹಾಕ್ಲಿಲ್ಲ, ನೀವು ಅದನ್ನ ಕಲೆ ಅಂತೀರಿ!"

ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ನೋಡುನೋಡುತ್ತಿದ್ದಂತೆ ಇಡೀ ಕೋಣೆ ತಟ್ಟಿತು. ಕನ್ನಡಕದ ಹೆಂಗಸೊಬ್ಬಳು ಕಣ್ಣೊರೆಸಿಕೊಂಡು, "ಎಂಥ ಅಭಿನಯ! ಯಾವ ನಾಟಕ ತಂಡದವರು ನೀವು?" ಎಂದಳು. ಭಾವ ಪಾಪ, ಚಪ್ಪಾಳೆ ಕೇಳಿದ ಖುಷಿಗೆ ಬಾಗಿ ನಮಸ್ಕರಿಸಿಬಿಟ್ಟ.

ಚಪ್ಪಾಳೆ ತಟ್ಟದವನು ಕಾಮೆನ್ ಒಬ್ಬನೇ. ಅವನ ಮುಖ ಸುಣ್ಣವಾಗಿತ್ತು. ಜನ ವೈನಿನ ಕಡೆ ಹೋದ ಮೇಲೆ ಅವನೇ ಹತ್ತಿರ ಬಂದ.

"ಅಮ್ಮಾ, ಕ್ಷಮಿಸಿ. ಅಲ್ಲಿ ಯಾರೂ ಇಲ್ಲ ಅಂದ್ಕೊಂಡೆ. ನಿಜವಾಗ್ಲೂ."

"ಕೋಳಿ ಇತ್ತಲ್ಲಪ್ಪ. ಕೋಳಿಗೆ ಕಾಳು ಯಾರು ಹಾಕ್ತಾರೆ ಅಂತ ಯೋಚನೆ ಬರ್ಲಿಲ್ವಾ?"

ಅವನು ತಲೆ ತಗ್ಗಿಸಿದ. ಅಕ್ಕ ಅವನ ತೋಳು ಹಿಡಿದು ಮೂಲೆಗೆ ಕರೆದುಕೊಂಡು ಹೋದಳು. ಅಲ್ಲಿ ಚಿಕ್ಕ ಕೋಣೆಯ ಚಿತ್ರವಿತ್ತು. ಜಾಡಿಗಳನ್ನೆಲ್ಲ ಪಕ್ಕಕ್ಕೆ ಸರಿಸಿ ತೆಗೆದದ್ದು. ಬೆಳಗಿನ ಬಿಸಿಲು, ಕಿಟಕಿ, ಗೊಂಬೆ. ನಾನೂ ಭಾವನೂ ಎರಡು ಹೆಜ್ಜೆ ಹಿಂದೆ ನಿಂತೆವು.

"ಈ ಗೊಂಬೆ ನಿಂದಾ?"

"ಹೌದು," ಎಂದ ಕಾಮೆನ್. "ಚೀಲದಲ್ಲಿ ಇಟ್ಕೊಂಡಿರ್ತೀನಿ. ಖಾಲಿ ಕೋಣೆ ತಾನಾಗೇ ಏನೂ ಹೇಳಲ್ಲ ಅಮ್ಮಾ. ಏನಾದ್ರೂ ಒಂದು ಇಟ್ರೆ ನೋಡೋರಿಗೆ…"

"ಆ ಕೋಣೆ ಖಾಲಿ ಅಂತ ನಿಂಗೆ ಹೇಳಿದ್ಯಾರು?" ಎಂದಳು ಅಕ್ಕ.

ಜೋರಾಗಿ ಹೇಳಲಿಲ್ಲ. ಪಾತ್ರೆಯ ವಿಷಯಕ್ಕೆ ಇಡೀ ಸಭೆಗೆ ಕೇಳುವ ಹಾಗೆ ಕೂಗಿದವಳು, ಇದನ್ನು ಅವನೊಬ್ಬನಿಗೆ ಕೇಳುವಷ್ಟೇ ಹೇಳಿದಳು. ಕಾಮೆನ್ ಅವಳ ಮುಖ ನೋಡಿದ, ಭಾವನ ಮುಖ ನೋಡಿದ. ಅವನಿಗೆ ಅರ್ಥವಾಯಿತು ಎನ್ನಿಸುತ್ತದೆ. ನಿಂತ ನಿಲುವಿನಲ್ಲೇ ಆ ಚಿತ್ರವನ್ನು ಮೊಳೆಯಿಂದ ಇಳಿಸಿ, ಗೋಡೆಯ ಕಡೆ ಮುಖ ಮಾಡಿ ನೆಲದ ಮೇಲಿಟ್ಟ.

"ನಾನೇನು ಮಾಡ್ಲಿ ಹೇಳಿ," ಎಂದ.

"ಮನೆ ಸರಿಯಾದ ಮೇಲೆ ಹೇಳಿ ಕಳಿಸ್ತೀನಿ. ಬಂದು ನಮ್ಮಿಬ್ಬರದೂ ಒಂದು ಚಿತ್ರ ತೆಗಿ. ಆ ಹಾಳು ಚಿತ್ರ ಎಲ್ಲೆಲ್ಲಿ ಹಾಕಿದ್ಯೋ ಅಲ್ಲೆಲ್ಲ ಇದನ್ನೂ ಹಾಕು. ನಾವು ಎಲ್ಲಿಗೂ ಹೋಗಿಲ್ಲ ಅಂತ ಜನಕ್ಕೆ ಗೊತ್ತಾಗ್ಲಿ."

"ಮನೆ ಯಾವಾಗ ಸರಿಯಾಗತ್ತೆ?"

ಅಕ್ಕ ಭಾವನ ಕಡೆ ನೋಡಲಿಲ್ಲ. "ಅದು ದೇವರಿಗೆ ಗೊತ್ತು," ಎಂದಳು.

ವಾಪಸು ಬಂದ ಮಾರನೇ ಬೆಳಗ್ಗೆ ನಾನು ಬಸ್ ತೆಗೆಯಲು ಹೊರಟಾಗ ಅಕ್ಕನ ಅಂಗಳದಲ್ಲಿ ಸಲಿಕೆಯ ಸದ್ದು. ನೋಡಿದರೆ ಭಾವ ಕುಂಟುತ್ತ ಮರಳು, ಸುಣ್ಣ ಕಲೆಸುತ್ತಿದ್ದಾನೆ! ಹಣೆಯ ಮೇಲೆ ಬೆವರು. ನಾನು ಏನೋ ತಮಾಷೆ ಮಾಡಲು ಬಾಯಿ ತೆರೆದೆ.

"ಸುಮ್ನೆ ಹೋಗೋ," ಎಂದ.

ಇಡೀ ಬೇಸಿಗೆ ಅವನು ಗಾರೆ ಹಾಕಿದ. ಮೊದಲ ಗೋಡೆ ಅಲೆಅಲೆಯಾಗಿ ಬಂತು, ಎರಡನೆಯದು ಪರವಾಗಿಲ್ಲ. ಕಿಟಕಿಗೆ ಗಾಜು ಹಾಕಿದ. ಚಿಕ್ಕ ಕೋಣೆಯ ಜಾಡಿಗಳನ್ನೆಲ್ಲ ಕೊಟ್ಟಿಗೆಗೆ ಸಾಗಿಸಿ, ಬಿಸಿಲು ಬೀಳುವ ಕಿಟಕಿಯ ಕೆಳಗೆ ಅಕ್ಕನ ಹೊಲಿಗೆ ಮಿಷನ್ ತಂದಿಟ್ಟ. ಅಕ್ಕ ಮಧ್ಯಾಹ್ನ ಮೊಸರು ಸೌತೆಕಾಯಿಯ ತಣ್ಣನೆ ಸಾರು ತಂದು ಏಣಿಯ ಕೆಳಗಿಟ್ಟು ಹೋಗುತ್ತಿದ್ದಳು. ಒಂದು ದಿನವೂ ಹೊಗಳಲಿಲ್ಲ. ಆದರೆ ಆ ಮೂಲೆ ಬಿಟ್ಟಿದ್ದೀಯ, ಈ ಮೂಲೆ ಬಿಟ್ಟಿದ್ದೀಯ ಎಂದೂ ಅನ್ನಲಿಲ್ಲ. ಅವಳನ್ನು ಬಲ್ಲವರಿಗೆ ಅದೇ ದೊಡ್ಡ ಹೊಗಳಿಕೆ.

ಮೇಯರ್ ಮಾತ್ರ ದಿನಾ ಓಡಿ ಬರುತ್ತಿದ್ದ. ಕೆಳಗೆ ಅವನ ಕಟ್ಟಡದ ಕಂಬಗಳು ಎದ್ದಿದ್ದವು. "ಗ್ರುಡಿ, ನಿನ್ನ ಕೈ ಮುಗೀತೀನಿ. ಒಂದು ಗೋಡೆನಾದ್ರೂ ಬಿಡು. ರಸ್ತೆ ಕಡೆದು!"

"ಬಿಡಲ್ಲ."

"ಮನೆ ಹಾಳಾಗತ್ತೆ ಮಾರಾಯ!"

"ಹಾಳಾಗ್ಬಾರ್ದು ಅಂತ್ಲೇ ಗಾರೆ ಹಾಕ್ತಿರೋದು," ಎಂದ ಭಾವ ಏಣಿಯ ಮೇಲಿಂದ.

ಕೊನೆಗೆ ಬಣ್ಣ. ಪೇಟೆಯ ಅಂಗಡಿಯಲ್ಲಿ ಯಾರೂ ಕೊಳ್ಳದೆ ಉಳಿದಿದ್ದ ಹಳದಿ ಅದು, ಮೊಟ್ಟೆಯೊಳಗಿನ ಹಳದಿಗಿಂತ ಒಂದು ಕೈ ಮೇಲೆ. ಬಳಿದು ಮುಗಿದಾಗ ನದಿಯ ಆಚೆ ದಡದ ಊರಿನವರು ಕೂಡ ಅಲ್ಲೇನು ಬೆಂಕಿ ಬಿತ್ತೇ ಎಂದು ಫೋನ್ ಮಾಡಿ ಕೇಳಿದರು. ನನಗೆ ನೋಡಿ ಕಣ್ಣು ಚುಚ್ಚಿತು. ಅಕ್ಕ ಅಂಗಳದಲ್ಲಿ ನಿಂತು ನೋಡೇ ನೋಡಿದಳು. ಆಮೇಲೆ ಭಾವನ ಕೂದಲಿಗೆ ಮೆತ್ತಿದ್ದ ಬಣ್ಣವನ್ನು ಉಗುರಿನಿಂದ ಬಿಡಿಸುತ್ತ, "ಚೆನ್ನಾಗಿದೆ ಕಣೋ," ಎಂದಳು.

ಕಾಮೆನ್ ಹೇಳಿದ ಮಾತಿಗೆ ತಪ್ಪಲಿಲ್ಲ. ಹೇಳಿ ಕಳಿಸಿದೊಡನೆ ಸೋಫಿಯಾದಿಂದ ಬಂದ. ಮನೆ ನೋಡಿ ಕಣ್ಣಿಗೆ ಕೈ ಅಡ್ಡ ಹಿಡಿದ. ಮುಂಜಾನೆ ಮಂಜಿನಲ್ಲಿ ತೆಗೆಯೋಣ ಎಂದು ಕೇಳಿಕೊಂಡ. ಮಂಜಿದ್ದರೆ ಬಣ್ಣ ಕಾಣುವುದಿಲ್ಲ ಎಂದು ಭಾವ ಒಪ್ಪಲಿಲ್ಲ. ನಡು ಮಧ್ಯಾಹ್ನ, ನೆತ್ತಿಯ ಮೇಲೆ ಸೂರ್ಯ, ಭಾವ ಟೈ ಬಿಗಿದುಕೊಂಡು, ಅಕ್ಕ ನೀಲಿ ಉಡುಪಿನಲ್ಲಿ, ಇಬ್ಬರೂ ಪೊಲೀಸರಿಗೆ ಸಿಕ್ಕವರ ಹಾಗೆ ಸೆಟೆದು ನಿಂತರು. ಕಾಮೆನ್ ಒಂದಾದ ಮೇಲೊಂದು ತೆಗೆದ. ಎಲ್ಲದರಲ್ಲೂ ಯಾರಾದರೊಬ್ಬರ ಕಣ್ಣು ಮುಚ್ಚಿತ್ತು. ಇದ್ದುದರಲ್ಲಿ ವಾಸಿಯಾದದ್ದನ್ನು ಅಕ್ಕನೇ ಆರಿಸಿದಳು.

"ಇದನ್ನ ಹಾಕಿದ್ರೆ ನನ್ನ ಹೆಸರು ಮುಗೀತು ಅಮ್ಮಾ," ಎಂದ ಊಟಕ್ಕೆ ಕೂತಾಗ.

"ತಿನ್ನು," ಎಂದಳು ಅಕ್ಕ, ಅವನ ತಟ್ಟೆಗೆ ಚೀಸ್ ತುಂಬಿ ಬೇಯಿಸಿದ ಬಾನಿತ್ಸಾದ ಇನ್ನೊಂದು ತುಂಡು ಹಾಕುತ್ತ. "ಇಷ್ಟು ಸಣಕಲಾದ್ರೆ ಹೆಸರು ಹೊತ್ಕೊಂಡು ತಿರುಗೋದು ಹೆಂಗೆ?"

ಅವನು ಚಿತ್ರ ಹಾಕಿದ. ಗೊಂಬೆ ತಾನೇ ಇಟ್ಟದ್ದು ಎಂದೂ ಬರೆದ. ಪ್ರಪಂಚ ಉರಿದುಬಿತ್ತು. ಆದರೆ ಉರಿದದ್ದು ಅವನ ಮೇಲಲ್ಲ, ನಮ್ಮ ಮೇಲೆ. ಇಂಥ ಅಪೂರ್ವ ಪಾಳುಮನೆಯನ್ನು ಹಾಳುಮಾಡಿದ ಹಳ್ಳಿಗಮಾರರು ಯಾರು? ಈ ಇಬ್ಬರಿಗೆ ಅಲ್ಲಿರಲು ಅನುಮತಿ ಕೊಟ್ಟವರು ಯಾರು? ಹಳೇ ಕಟ್ಟಡಗಳ ಪ್ರೇಮಿಗಳ ಸಂಘವೊಂದು ಗಾರೆಯನ್ನು ಜೋಪಾನವಾಗಿ ಕೆತ್ತಿ ತೆಗೆಯಲು ಪರಿಣತರನ್ನು ಕಳಿಸುತ್ತೇವೆ ಎಂದು ಭಾವನಿಗೆ ಫೋನ್ ಮಾಡಿತ್ತು. "ಕೆತ್ತೋ ಕೆಲಸ ನನಗೇ ಚೆನ್ನಾಗಿ ಬರತ್ತೆ, ಆಮೇಲಿನದೇ ಕಷ್ಟ," ಎಂದು ಭಾವ ಫೋನ್ ಇಟ್ಟ. ಕಾಮೆನ್‌ನ ಹೆಸರು ಮುಗಿಯುವುದಿರಲಿ, ಇನ್ನೂ ದೊಡ್ಡದಾಯಿತು. ಆ ಎರಡು ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಸೌಂದರ್ಯದ ನಾಶದ ಬಗ್ಗೆ ಮಾತಾಡಲು ಅವನನ್ನು ಊರೂರಿಗೆ ಕರೆದರಂತೆ.

ಮುಂದಿನ ವಸಂತಕ್ಕೆ ನನ್ನ ಬಸ್ಸು ಮೊದಲಿನ ಹಾಗೆ ಖಾಲಿ ಓಡತೊಡಗಿತು. ಪಾಂಡೆಲಿಯ ಕಟ್ಟಡ ಕಂಬ, ಮೆಟ್ಟಿಲು, ಅರ್ಧ ತಾರಸಿಗೆ ನಿಂತುಹೋಯಿತು. ಬರುವವರೇ ಇಲ್ಲದ ಮೇಲೆ ಯಾರಿಗೆ ಕಾಫಿ? ಚುನಾವಣೆಯಲ್ಲಿ ಅವನೂ ಸೋತ. ಅವನ ಕಾಂಕ್ರೀಟಿನ ಸಂದಿಯಲ್ಲಿ ಎಲ್ಡರ್ ಗಿಡಗಳು ಮೊಳೆತವು, ಮಳೆನೀರು ನಿಂತು ಕಪ್ಪೆ ಸೇರಿದವು. ಬಿಸಿಲು ತಡೆಯಿಲ್ಲದೆ ಬೀಳುವ ಜಾಗವೆಂದು ಅಕ್ಕ ಆ ತಾರಸಿಯ ಮೇಲೆ ಅಕ್ರೋಟು ಒಣಗಿಹಾಕಲು ಶುರು ಮಾಡಿದಳು.

ಹೋದ ಶರತ್ಕಾಲದಲ್ಲಿ ಅವಳು ಅಲ್ಲಿ ಅಕ್ರೋಟು ಹರವುತ್ತಿದ್ದಾಗ ನಾನೂ ಬುಟ್ಟಿ ಹಿಡಿದು ನಿಂತಿದ್ದೆ. ಕೆಳಗೆ ಮಂಜಿನಲ್ಲಿ ಯಾರೋ ಓಡಾಡುತ್ತಿದ್ದರು. ಕಾಮೆನ್. ಕಂಬದಿಂದ ಕಂಬಕ್ಕೆ ಹೋಗಿ ಕ್ಯಾಮೆರಾ ಏರಿಸಿ ಇಳಿಸಿ ನೋಡುತ್ತಿದ್ದ. ನಮ್ಮನ್ನು ಕಂಡು ಕೈಬೀಸಿ, ಸಂಕೋಚದಿಂದ ಕೂಗಿ ಕೇಳಿದ: "ಅಮ್ಮಾ, ಇದರಲ್ಲಿ ಯಾರೂ ಇಲ್ಲ ತಾನೇ?"

"ಇದೀನಿ," ಎಂದಳು ಅಕ್ಕ. "ಈ ಸಾಲು ಹರವಿ ಮುಗೀಲಿ, ತಡ್ಕೊ. ಆಮೇಲೆ ಬೇಕಾದ್ರೆ ಪಕ್ಕಕ್ಕೆ ಹೋಗ್ತೀನಿ."

ಅವನು ಮೆಟ್ಟಿಲ ಮೇಲೆ ಕೂತು ಕಾದ.